ಬೀಗದ ಕೈ ಯಾರ ಹತ್ತಿರ? ನೇಪಾಳ ಬಂದೂಕು ಕೆಳಗಿಟ್ಟ ಕಥೆ

ನೇಪಾಳದ ಮಾವೋವಾದಿಗಳು ಕಾಡು ಬಿಟ್ಟು ಸಂಸತ್ತಿಗೆ ಬಂದದ್ದು ಎಲ್ಲರಿಗೂ ಗೊತ್ತು. ಅವರ ಬಂದೂಕುಗಳು ಏನಾದವು, ಅವನ್ನು ಹಿಡಿದಿದ್ದ ಹುಡುಗ ಹುಡುಗಿಯರು ಎಲ್ಲಿಗೆ ಹೋದರು ಅನ್ನೋದು ಮಾತ್ರ ಈಗಲೂ ಗೋಜಲು.

1996ರ ಫೆಬ್ರವರಿಯಲ್ಲಿ ಶುರುವಾದ ಯುದ್ಧ ಹತ್ತು ವರ್ಷ ನಡೆಯಿತು, 13 ಸಾವಿರಕ್ಕೂ ಜಾಸ್ತಿ ಜನ ಸತ್ತರು. 2001 ಮತ್ತು 2003ರ ಕದನವಿರಾಮಗಳು ಕೆಲವೇ ತಿಂಗಳಲ್ಲಿ ಮುರಿದವು. 2005ರಲ್ಲಿ ರಾಜ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಾಗ ಪಕ್ಷಗಳೂ ಮಾವೋವಾದಿಗಳೂ ಒಂದಾದರು. 2006ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದರು, ನವೆಂಬರ್ 21ರಂದು ಶಾಂತಿ ಒಪ್ಪಂದವಾಯಿತು.

ಅಲ್ಲಿ ಯಾರೂ 'ಶರಣಾಗತಿ' ಅನ್ನಲಿಲ್ಲ. 'ಶಸ್ತ್ರಾಸ್ತ್ರ ನಿರ್ವಹಣೆ' ಅಂದರು. ಮಾವೋವಾದಿ ಹೋರಾಟಗಾರರು ಇರೋದಕ್ಕೆ ಏಳು ದೊಡ್ಡ ಶಿಬಿರ, ಅವುಗಳ ಸುತ್ತ 21 ಸಣ್ಣ ಶಿಬಿರ. ದೊಡ್ಡ ಶಿಬಿರಗಳಲ್ಲಿ ಕಬ್ಬಿಣದ ಕಂಟೇನರ್ ಇಟ್ಟು, ಒಂದೊಂದು ಬಂದೂಕನ್ನೂ ನೋಂದಾಯಿಸಿ ಒಳಗಿಟ್ಟು ಬೀಗ ಹಾಕಿದರು. ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ತಿರವೇ ಉಳಿಯಿತು! ವಿಶ್ವಸಂಸ್ಥೆಯವರು ಹಗಲು ರಾತ್ರಿ ಕಾವಲಿದ್ದರು, ಯಾರಾದರೂ ಬಾಗಿಲು ತೆಗೆದರೆ ಗೊತ್ತಾಗಲಿ ಅಂತ ಸೈರನ್ ಕೂಡ ಇತ್ತು. ಸೇನೆಯೂ ಅಷ್ಟೇ ಬಂದೂಕುಗಳನ್ನು ಹೀಗೇ ಬೀಗ ಹಾಕಿ ಇಡಬೇಕಿತ್ತು. ಯಾರೂ ಸೋತೆವು ಅಂತ ಹೇಳಬೇಕಾಗಲಿಲ್ಲ. ಮತ್ತೆ ಯುದ್ಧ ಶುರುವಾಗದೆ ಇದ್ದದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಕಬ್ಬಿಣದ ಲೆಕ್ಕ ಬೇಗ ಮುಗಿಯಿತು, ಸುಮಾರು 3,500 ಬಂದೂಕು. ಮನುಷ್ಯರ ಲೆಕ್ಕ ಹಾಗಾಗಲಿಲ್ಲ. ಪರಿಶೀಲನೆಯಲ್ಲಿ 19,602 ಜನ ಹೋರಾಟಗಾರರು ಅಂತ ತೀರ್ಮಾನವಾಯಿತು. ಚುನಾವಣೆ ನಡೆಯಿತು, ರಾಜಪ್ರಭುತ್ವ ಹೋಯಿತು, ಸರ್ಕಾರಗಳು ಬಂದು ಹೋದವು, ಇವರು ಮಾತ್ರ ಶಿಬಿರದಲ್ಲೇ ಮದುವೆಯಾಗಿ, ಮಕ್ಕಳು ಹೆತ್ತು, ಭತ್ಯೆ ಯಾವಾಗ ಬರುತ್ತೆ ಅಂತ ಕಾಯುತ್ತಾ ಐದು ವರ್ಷ ಕೂತರು. ಯಾಕೆ ಅಂದರೆ ಅವರು ಅಲ್ಲಿರುವ ತನಕ ಮಾವೋವಾದಿ ನಾಯಕರಿಗೆ ಚೌಕಾಸಿಗೆ ಬಲ, ಬೇರೆ ಪಕ್ಷಗಳಿಗೆ ದೂರಲು ಕಾರಣ. 2011ರ ನವೆಂಬರ್‌ನಲ್ಲಿ 6,500 ಜನರನ್ನು ಸೇನೆಗೆ ತೆಗೆದುಕೊಳ್ಳಬಹುದು ಅಂತ ಒಪ್ಪಂದವಾಯಿತು. ಕೊನೆಗೆ ಸೇರಿದವರು ಸುಮಾರು 1,400. ಉಳಿದವರಲ್ಲಿ ಹೆಚ್ಚಿನವರು ದರ್ಜೆಗೆ ತಕ್ಕಂತೆ ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ ತೆಗೆದುಕೊಂಡು ಹೊರಟರು.

ಇದಕ್ಕೂ ಮೊದಲೇ, 2010ರಲ್ಲಿ, ಪರಿಶೀಲನೆಯಲ್ಲಿ ಅರ್ಹರಲ್ಲ ಅಂತ ತೀರ್ಮಾನವಾದ 4,008 ಜನರನ್ನು ಶಿಬಿರದಿಂದ ಕಳಿಸಿದ್ದರು. ಅವರಲ್ಲಿ 2,973 ಮಂದಿ 2006ರ ಮೇನಲ್ಲಿ 18 ತುಂಬಿರದ ಮಕ್ಕಳು. ಮಕ್ಕಳ ಕೈಗೆ ಬಂದೂಕು ಕೊಟ್ಟದ್ದೇ ತಪ್ಪು, ಅಲ್ವಾ? ಆದರೆ ಕಾಗದದಲ್ಲಿ ಅವರಿಗೆ ಸಿಕ್ಕ ಹೆಸರು 'ಅಯೋಗ್ಯ'. ನೇಪಾಳಿಯಲ್ಲಿ ಅನರ್ಹ ಅಂತ ಅರ್ಥ, ಆದರೂ ಅಲ್ಲಿನ ಹಳ್ಳಿಗಳಲ್ಲೂ ಅದು ಅವಮಾನದ ಮಾತೇ ಆಯಿತು. ಬೇರೆಯವರಿಗೆ ಲಕ್ಷಗಟ್ಟಲೆ ಸಿಕ್ಕಿತು, ಇವರಿಗೆ ಸಿಕ್ಕಿದ್ದು ತರಬೇತಿಯ ಭರವಸೆ. ಆ ಹೆಸರನ್ನು ತೆಗೆಯಿರಿ, ನಮಗೂ ಪರಿಹಾರ ಕೊಡಿ ಅಂತ ಅವರು ವರ್ಷಗಟ್ಟಲೆ ಕಠ್ಮಂಡುವಿನ ಬೀದಿಗಳಲ್ಲಿ ಕೂಗಿದರು.