ಇವಿ ಬುಕ್ ಮಾಡುವ ಮೊದಲು ಗಾಡಿಯ ಅಡಿ ನೋಡಿ

ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿ ನೋಡ್ಲಿಕ್ಕೆ ಶೋರೂಮಿಗೆ ಹೋದವರು ಮೊದಲು ಕೇಳುದು ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು ಅಂತ. ಆದ್ರೆ ಕಂಪನಿಯವರು ಎಂತ ಲೆಕ್ಕಾಚಾರ ಹಾಕಿ ಗಾಡಿ ಮಾಡಿದ್ದಾರೆ ಅಂತ ಗೊತ್ತಾಗುದು ಮಂಗಳೂರಿನ ಬೈಕಂಪಾಡಿ ಕಡೆಯ ನಮ್ಮ ವರ್ಕ್‌ಶಾಪಲ್ಲಿ ಅದನ್ನು ಲಿಫ್ಟಲ್ಲಿ ಎತ್ತಿ ಅಡಿಯಿಂದ ಟಾರ್ಚ್ ಹಾಕಿದಾಗಲೇ.

ಪೆಟ್ರೋಲ್ ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಪೈಪಿಗೆ ಅಂತ ನಡುವಲ್ಲಿ ಉದ್ದಕ್ಕೆ ಟನಲ್ ಇರ್ತದೆ, ಹಿಂದಿನ ಸೀಟಿನ ಕೆಳಗೆ ಟ್ಯಾಂಕಿನ ಜಾಗ. ಅದೇ ಬಾಡಿಯಲ್ಲಿ ಬ್ಯಾಟರಿ ಕೂರಿಸ್ಬೇಕಾದ್ರೆ ಒಂದೋ ಪ್ಯಾಕನ್ನು ಆ ಸಂದಿಗಳಿಗೆ ತಕ್ಕ ಹಾಗೆ ಮಾಡ್ಬೇಕು, ಇಲ್ಲ ಫ್ಲೋರನ್ನೇ ಎತ್ತರಿಸ್ಬೇಕು. ಫ್ಲೋರ್ ಎತ್ತರ ಆದ್ರೆ ಹಿಂದೆ ಕೂತವರ ಮೊಣಕಾಲು ಮೇಲೆ ಬರ್ತದೆ, ತೊಡೆಗೆ ಆಧಾರ ಸಿಗುದಿಲ್ಲ, ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಾಗ ಮನೆಯ ಹಿರಿಯರಿಗೆ ಸೊಂಟ ಹಿಡಿದಿರ್ತದೆ.

ಹಾಗಾದ್ರೆ ಎಲ್ಲರೂ ಇವಿಗೆ ಅಂತಲೇ ಹೊಸ ಪ್ಲಾಟ್‌ಫಾರ್ಮ್, ಅಂದ್ರೆ ಗಾಡಿಯ ಅಡಿಯ ಕಟ್ಟು, ಮಾಡ್ಬಹುದಲ್ವಾ ಅಂದ್ರೆ, ದುಡ್ಡು ಮಾರಾಯ್ರೆ. ಹೊಸ ಫ್ಲೋರ್ ಅಂದ್ರೆ ಹೊಸ ಡೈ (ಶೀಟ್ ಒತ್ತುವ ಅಚ್ಚು), ಹೊಸ ವೆಲ್ಡಿಂಗ್ ಲೈನ್, ಮತ್ತೆ ಮೊದಲಿಂದ ಕ್ರ್ಯಾಶ್ ಟೆಸ್ಟ್, ಇಷ್ಟೆಲ್ಲ ಖರ್ಚು ವಾಪಸ್ ಬರ್ಬೇಕಾದ್ರೆ ಲಕ್ಷಗಟ್ಟಲೆ ಗಾಡಿ ಹೋಗ್ಬೇಕು. ಫೋಕ್ಸ್‌ವ್ಯಾಗನ್ ತನ್ನ ಎಂಇಬಿ ಪ್ಲಾಟ್‌ಫಾರ್ಮನ್ನು ತನ್ನದೇ ಗುಂಪಿನ ಸ್ಕೋಡಾ, ಔಡಿ ಕಂಪನಿಗಳಿಗೆ ಹಂಚಿದ್ದು ಸಾಲದೆ ಹೊರಗಿನ ಫೋರ್ಡಿಗೂ ಕೊಟ್ಟಿದ್ದು ಸುಮ್ಮನೆ ಅಲ್ಲ.

ಒಂದೇ ಕಂಪನಿ ಎರಡೂ ದಾರಿ ಹಿಡಿಯುದುಂಟು. ಹ್ಯುಂಡೈಯ ಅಯೋನಿಕ್ 5 ಇವಿಗೆ ಅಂತಲೇ ಮಾಡಿದ ಇ-ಜಿಎಂಪಿ ಪ್ಲಾಟ್‌ಫಾರ್ಮಿನದ್ದು, ಮುಂದಿನ ಚಕ್ರದಿಂದ ಹಿಂದಿನದಕ್ಕೆ ಬರೋಬ್ಬರಿ 3 ಮೀಟರ್, ಫ್ಲೋರ್ ಚಪ್ಪಟೆ. 2023ರಲ್ಲಿ ಇಲ್ಲಿಗೆ ಬಂದಾಗ ರೇಟು 44.95 ಲಕ್ಷ. ಅದೇ ಹ್ಯುಂಡೈ 2025ರಲ್ಲಿ ಕ್ರೆಟಾ ಎಲೆಕ್ಟ್ರಿಕ್ ತಂದದ್ದು ಪೆಟ್ರೋಲ್ ಕ್ರೆಟಾದ ಬಾಡಿಯಲ್ಲಿ, ಶುರು 17.99 ಲಕ್ಷಕ್ಕೆ. ಇದನ್ನು ಮೋಸ ಅಂತ ನಾನು ಹೇಳುದಿಲ್ಲ, ಆ ರೇಟಿಗೆ ಇವಿ ಕೊಡ್ಲಿಕ್ಕೆ ಅವರಿಗೆ ಅದೇ ದಾರಿ. ಟಾಟಾದವರೂ 2020ರಲ್ಲಿ ನೆಕ್ಸಾನಿನ ಬಾಡಿಯಲ್ಲೇ ಇವಿ ಬಿಟ್ಟು, ಜನ ತೆಗೊಳ್ತಾರೆ ಅಂತ ಧೈರ್ಯ ಬಂದ ಮೇಲೆ 2024ರ ಪಂಚ್ ಇವಿಗೆ ಬೇರೆ ಪ್ಲಾಟ್‌ಫಾರ್ಮ್ ಮಾಡಿದ್ದು. ಹೊರಗಿಂದ ನೋಡ್ಲಿಕ್ಕೆ ಪೆಟ್ರೋಲ್ ಪಂಚಿನ ಹಾಗೇ ಉಂಟು, ಬದಲಾದದ್ದು ಅಡಿಯಲ್ಲಿ.

ನಮ್ಮ ಊರಿಗೆ ಮಾತ್ರ ಇನ್ನೊಂದು ವಿಷಯ ಉಂಟು, ಇದು ಪ್ಲಾಟ್‌ಫಾರ್ಮ್ ಹೊಸದಾದ್ರೂ ಹಳೆಯದಾದ್ರೂ ನೋಡ್ಲೇಬೇಕು. ಜೂನ್ ಜುಲೈಯಲ್ಲಿ ಕೊಟ್ಟಾರ ಚೌಕಿ, ಪಂಪ್‌ವೆಲ್ಲಲ್ಲಿ ನೀರು ನಿಲ್ತದೆ. ಬ್ಯಾಟರಿ ಐಪಿ67 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ರೂ ಒಳಗೆ ನೀರು ಹೋಗುದಿಲ್ಲ ಅಂತ, ಆದ್ರೆ ಅದು ಸೀಲ್ ಸರಿ ಇರುವ ಪ್ಯಾಕಿಗೆ. ರಸ್ತೆಯ ಹಂಪ್‌ಗೆ ತಾಗಿ ಪ್ಯಾಕಿನ ಅಂಚು ಜಜ್ಜಿದ್ದರೆ ಆ ಭರವಸೆ ಇಟ್ಕೊಳ್ಬೇಡಿ. ಟೆಸ್ಟ್ ಡ್ರೈವಲ್ಲಿ ಹಿಂದಿನ ಸೀಟಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ, ಮತ್ತೆ ಸರ್ವಿಸ್‌ನವರ ಹತ್ರ ಲಿಫ್ಟಿಗೆ ಹಾಕ್ಲಿಕ್ಕೆ ಹೇಳಿ ಎರಡು ನೋಡಿ: ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇರುದು ಪ್ಯಾಕಾ ಬೇರೆ ಏನಾದ್ರೂವಾ, ಪ್ಯಾಕಿನ ಕೆಳಗೆ ಗಟ್ಟಿ ಪ್ಲೇಟ್ ಉಂಟಾ ಇಲ್ವಾ.