ಪದ ಪರಿಚಯ: ಚುಡಾಯಿಸುವುದು

ಮುಂದಿನ ಹಲ್ಲು ಬಿದ್ದ ತಮ್ಮನನ್ನು ಅಕ್ಕ ಚುಡಾಯಿಸುತ್ತಾಳೆ, ಮದುವೆ ಗೊತ್ತಾದ ಹುಡುಗಿಯನ್ನು ಅತ್ತಿಗೆ ಚುಡಾಯಿಸುತ್ತಾಳೆ. ಮನೆಮಾತಿನಲ್ಲಿ ಈ ಪದಕ್ಕೆ ಸಲಿಗೆಯಿಂದ ರೇಗಿಸುವುದು ಎಂಬಷ್ಟೇ ಅರ್ಥ, ಆ ಸಲಿಗೆ ಇಬ್ಬರಿಗೂ ಒಪ್ಪಿತವಾದದ್ದು. ಅದೇ ಪದ ಪತ್ರಿಕೆಯ ಅಪರಾಧ ವರದಿಗೆ ಬಂದಾಗ, ಅಪರಿಚಿತ ಹುಡುಗಿಯನ್ನು ಬಸ್ ನಿಲ್ದಾಣದಿಂದ ಮನೆಯವರೆಗೆ ಹಿಂಬಾಲಿಸುವುದು, ಅಶ್ಲೀಲವಾಗಿ ಮಾತನಾಡುವುದು, ದುಪಟ್ಟಾ ಎಳೆಯುವುದು ಎಲ್ಲಕ್ಕೂ ಹೆಸರಾಗಿಬಿಡುತ್ತದೆ. ‘ಈವ್ ಟೀಸಿಂಗ್’ ಎಂಬುದಕ್ಕೆ ನಮ್ಮ ಸುದ್ದಿಮನೆಗಳಲ್ಲಿ ರೂಢಿಯಾಗಿರುವ ಕನ್ನಡ ಪದ ಇದು. ಬೈಬಲ್ಲಿನಲ್ಲಿ ಆದಾಮನಿಗೆ ನಿಷಿದ್ಧ ಹಣ್ಣು ಕೊಟ್ಟವಳು ಈವ್ ಆದ್ದರಿಂದ, ಪ್ರಚೋದನೆ ಹೆಣ್ಣಿನದೇ ಎಂಬ ಸೂಚನೆ ಆ ಇಂಗ್ಲಿಷ್ ಪದದೊಳಗೇ ಅಡಗಿದೆ.

‘ಯುವತಿಯನ್ನು ಚುಡಾಯಿಸಿದ ವಿಚಾರಕ್ಕೆ ಎರಡು ಗುಂಪುಗಳ ನಡುವೆ ಮಾರಾಮಾರಿ’ ಎಂಬ ಬಗೆಯ ತಲೆಬರಹ ನಮಗೆಲ್ಲ ಪರಿಚಿತ. ಎಷ್ಟು ಜನರಿಗೆ ಪೆಟ್ಟಾಯಿತು, ಯಾವ ಠಾಣೆಯಲ್ಲಿ ದೂರು ದಾಖಲಾಯಿತು ಎಂಬುದನ್ನು ಇಂಥ ವರದಿ ತಿಳಿಸುತ್ತದೆ. ಆಕೆ ಮರುದಿನ ಅದೇ ದಾರಿಯಲ್ಲಿ ಕಾಲೇಜಿಗೆ ಹೋದಳೇ ಎಂದು ಯಾರೂ ಕೇಳಿರುವುದಿಲ್ಲ.

ಪತ್ರಿಕೆ ಹಗುರ ಮಾಡಿದ್ದನ್ನು ಸಿನಿಮಾ ಪ್ರೇಮವೆಂದು ತೋರಿಸಿತು. ನಾಯಕ ಗೆಳೆಯರನ್ನು ಕಟ್ಟಿಕೊಂಡು ದಾರಿಗಡ್ಡ ನಿಲ್ಲುತ್ತಾನೆ, ಅವಳು ಬೈದು ಹೋಗುತ್ತಾಳೆ, ಒಂದು ಹಾಡು ಮುಗಿಯುವ ಹೊತ್ತಿಗೆ ಆ ಸಿಟ್ಟು ನಾಚಿಕೆಯಾಗಿರುತ್ತದೆ. ಇದನ್ನೇ ನೋಡುತ್ತ ಬೆಳೆದ ಹುಡುಗ ‘ಬೇಡ’ ಎಂಬ ಮಾತನ್ನು ‘ಇನ್ನಷ್ಟು ಪ್ರಯತ್ನಿಸು’ ಎಂದು ಕೇಳಿಸಿಕೊಳ್ಳುವ ಅಪಾಯವಿದೆ. ಹೆದರಿದ ಹುಡುಗಿಗಾದರೋ ‘ಚುಡಾಯಿಸಿದ್ದಷ್ಟೇ ತಾನೇ’ ಎಂಬ ಉತ್ತರ ಎಷ್ಟೋ ಸಲ ಮನೆಯಲ್ಲೇ ಸಿದ್ಧವಾಗಿರುತ್ತದೆ. ಅವಳ ಭಯವನ್ನು ದೂರು ಕೊಡಲು ಯೋಗ್ಯವಲ್ಲದ ಸಂಗತಿಯಾಗಿಸುವುದೇ ಈ ಪದ ಮಾಡುವ ದೊಡ್ಡ ಹಾನಿ ಎಂದು ನಾನು ತಿಳಿದಿದ್ದೇನೆ.

ಕಾನೂನು ಬೇರೆಯೇ ಹೇಳುತ್ತದೆ. 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 354ಡಿ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಆಗಿ ಮುಂದುವರಿದಿದ್ದು, ಮಹಿಳೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸಿದರೆ ಮೊದಲ ಸಲಕ್ಕೇ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು ಎನ್ನುತ್ತದೆ. ತೆರೆಯ ಮೇಲೆ ಪ್ರೇಮಕಥೆ ಶುರುವಾಗುವ ಆ ‘ಬೇಡ’ದಿಂದಲೇ ಇಲ್ಲಿ ಅಪರಾಧ ಶುರುವಾಗುತ್ತದೆ. ಲಿಂಗ ಪೂರ್ವಗ್ರಹದ ಪದಗಳ ಕುರಿತು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೊರತಂದ ಕೈಪಿಡಿಯೂ ‘ಈವ್ ಟೀಸಿಂಗ್’ ಬಿಟ್ಟು, ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳವೆಂದೇ ಬರೆಯುವಂತೆ ಸೂಚಿಸಿದೆ. ಕನ್ನಡದ ವರದಿಗಾರರಿಗೆ ಇದಕ್ಕಾಗಿ ಹೊಸ ಪದ ಟಂಕಿಸುವ ಅಗತ್ಯವೂ ಇಲ್ಲ: ಹಿಂಬಾಲಿಸಿದ್ದರೆ ಹಿಂಬಾಲಿಸಿದ ಎಂದು, ಮೈಮುಟ್ಟಿದ್ದರೆ ಮೈಮುಟ್ಟಿದ ಎಂದು, ಬೆದರಿಸಿದ್ದರೆ ಬೆದರಿಸಿದ ಎಂದು ಬರೆದರಾಯಿತು.