ಕಣ್ಣು ಅಲೆಯದ ಪುಟ

ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು ನೋಡಿ. ಒಂದು ಕ್ಷಣಕ್ಕೆ ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಮ್ಮಿ ಆ ಬೆರಳಿನಗಲ, ಸುಮಾರು 2 ಡಿಗ್ರಿ. ಉಳಿದದ್ದು ಮಸುಕು. ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಲೇ ಇರುವುದರಿಂದ ನಮಗದು ಗೊತ್ತಾಗುವುದಿಲ್ಲ. ಸ್ಲೈಡಿನಲ್ಲೋ ವರದಿಯಲ್ಲೋ ಚಿತ್ರ ಎಲ್ಲಿಡಬೇಕು, ಬರಹ ಎಲ್ಲಿಡಬೇಕು ಎಂದು ಯೋಚಿಸುವಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಈ ಜಿಗಿತ, ಅಂದಚಂದ ಆಮೇಲೆ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಬಗ್ಗೆ ಉಡುಪಿಯ ವಿದ್ಯಾರ್ಥಿನಿಯೊಬ್ಬಳು ಸ್ಲೈಡ್ ಮಾಡುತ್ತಾಳೆ ಎನ್ನಿ. ಎಡಕ್ಕೆ ಫೋಟೊ, ಅದರ ಮೇಲೆ 1ರಿಂದ 5ರವರೆಗೆ ಅಂಕಿ, ಬಲಕ್ಕೆ ಅಂಕಿವಾರು ವಿವರಣೆ. ನೋಡುವವರು 3ನೇ ಅಂಕಿಯಿಂದ ಬಲಕ್ಕೆ ಹಾರಿ, ಸಾಲು ಹುಡುಕಿ, ‘ಲಾವಾ ತಣಿದು ಕುಗ್ಗುವಾಗ ಬಿಟ್ಟ ಬಿರುಕು’ ಎಂದು ಓದಿ ಮರಳುವಷ್ಟರಲ್ಲಿ ಯಾವ ಬಿರುಕು ಎಂಬುದೇ ತಪ್ಪಿಹೋಗಿರುತ್ತದೆ. ಒಮ್ಮೆಗೆ ಮನಸ್ಸು ಹಿಡಿದಿಟ್ಟುಕೊಳ್ಳುವುದೇ ಸ್ವಲ್ಪ; ಅದೂ ಹುಡುಕಾಟಕ್ಕೆ ಖರ್ಚು. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಆಸ್ಟ್ರೇಲಿಯದ ಪಾಲ್ ಚಾಂಡ್ಲರ್ ಮತ್ತು ಜಾನ್ ಸ್ವೆಲರ್ 1992ರಲ್ಲಿ ಇದನ್ನೇ ‘ಒಡೆದ ಗಮನ’ದ ಪರಿಣಾಮವೆಂದು ವಿವರಿಸಿದರು. ವಿವರಣೆಯನ್ನು ಬಿರುಕಿನ ಪಕ್ಕದಲ್ಲೇ ಬರೆದರೆ ಅಂಕಿಯೇ ಬೇಡ. ಬಂಡೆಯ ಮೇಲೆ ಅಕ್ಷರ ಕಾಣದಿದ್ದರೆ ಆಕಾಶದ ಖಾಲಿ ಜಾಗದಲ್ಲಿ ಬರೆದು ಒಂದು ಗೆರೆ ಎಳೆದರಾಯಿತು.

ಹಾಗಾದರೆ ಈ ಎಡ–ಬಲದ ಪಾಲು ಎಲ್ಲಿಂದ ಬಂತು? ಹಳೆಯ ಅಚ್ಚುಕೂಟದ ಅಭ್ಯಾಸವೂ ಒಂದು ಕಾರಣವೆಂದು ನನ್ನ ಗುಮಾನಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ. ಕಲ್ಲಚ್ಚಿನಲ್ಲಿ ಚಿತ್ರವನ್ನೂ ಅಕ್ಷರವನ್ನೂ ಒಂದೇ ಕಲ್ಲಿನ ಮೇಲೆ ಕೈಯಿಂದ ಮೂಡಿಸಬಹುದು, ಮಾತನ್ನು ಎಲ್ಲಿ ಬೇಕಾದರೂ ಬರೆಯಬಹುದು. ಬಿಡಿ ಅಕ್ಷರದ ಮೊಳೆಗಳನ್ನು ಜೋಡಿಸುವ ಮೊಳೆಯಚ್ಚಿನಲ್ಲಿ ಚಿತ್ರದ ಬ್ಲಾಕ್ ಬೇರೆ, ಅಕ್ಷರದ ಜೋಡಣೆ ಬೇರೆ; ಹಾಗಾಗಿ ಎರಡನ್ನೂ ಬೇರೆ ಬೇರೆ ಇಡುವುದೇ ಸುಲಭ. ಕಂಪ್ಯೂಟರಿಗೆ ಆ ಕಟ್ಟುಪಾಡಿಲ್ಲ. ಆದರೂ ಸಿದ್ಧ ವಿನ್ಯಾಸಗಳು ಎರಡು ಪೆಟ್ಟಿಗೆ ಬಿಡಿಸಿ ಕೂರುತ್ತವೆ.

ವರದಿಯ ಮಾತು ಬೇರೆ. ಅಲ್ಲಿ ಓದು ದೀರ್ಘ, ಚಿತ್ರದ ಸುತ್ತ ಬರಹ ಹರಿಯಬಹುದು. ಆದರೆ ಕನ್ನಡದಲ್ಲಿ ಪದಗಳು ಉದ್ದ. ಚಿತ್ರದ ಪಕ್ಕ ನಾಲ್ಕು ಪದ ಹಿಡಿಯುವಷ್ಟೇ ಜಾಗ ಉಳಿದು, ಎರಡೂ ಅಂಚು ಸಮ ಮಾಡಿದರೆ, ಪದಗಳ ನಡುವೆ ಹೊಂಡ ಬೀಳುತ್ತದೆ. ಅಂಥ ಕಡೆ ಬಲ ಅಂಚನ್ನು ಹಾಗೇ ಬಿಡುವುದು ಅಥವಾ ಚಿತ್ರವನ್ನು ಪುಟದ ಪೂರ್ತಿ ಅಗಲಕ್ಕೆ ಹಾಕುವುದು ವಾಸಿ. ಸಾಲಿನ ಅಂತರವನ್ನೂ ಇಂಗ್ಲಿಷಿನ ಅಳತೆಗೆ ಬಿಡಬಾರದು: ಇಳಿಬಿದ್ದ ಒತ್ತಕ್ಷರ ಕೆಳಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ.